ಉಡುಪಿಯಿಂದ ಬಜ್ಪೆ, ಅಲ್ಲಿಂದ ವಿಮಾನ: ಮಡಚುವ ಸ್ಟ್ರೋಲರ್ ಮತ್ತು ಕಾರ್ ಸೀಟ್ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ವಿಮಾನದಲ್ಲಿ ಓಡಾಡುವವರು ಸ್ಟ್ರೋಲರ್‌ಗೆಂದು, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿಗೆಂದು, ಎತ್ತಿಟ್ಟ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಕಾರಿನಲ್ಲಿ ಮಗುವನ್ನು ಕಟ್ಟಿ ಕೂರಿಸುವ ಕಾರ್ ಸೀಟ್‌ಗೆ ಹಾಕಿ. ಏರ್‌ಪೋರ್ಟ್‌ನಲ್ಲಿ ಎಲ್ಲರೂ ನೋಡುವುದು, ಕೇಳುವುದು ಸ್ಟ್ರೋಲರ್ ಬಗ್ಗೆಯೇ. ಆದರೆ ಮಗುವಿಗೆ ನಿಜವಾದ ಅಪಾಯ ಇರುವುದು ವಿಮಾನದಲ್ಲಿ ಅಲ್ಲ, ವಿಮಾನದ ತನಕ ಹೋಗುವ ರಸ್ತೆಯಲ್ಲಿ. ಬಜ್ಪೆಯಲ್ಲಿರುವ ಮಂಗಳೂರು ಏರ್‌ಪೋರ್ಟ್‌ಗೆ ಹೋಗಬೇಕಾದ ಉಡುಪಿಯವರಿಗಂತೂ ಆ ರಸ್ತೆ ಚಿಕ್ಕದಲ್ಲ.

ನನ್ನ ತವರು ಬೆಂಗಳೂರು, ಅಕ್ಕ–ಭಾವ ಇರುವುದು ದುಬೈಯಲ್ಲಿ. ದೊಡ್ಡವಳಿಗೆ ಈಗ ಐದು ವರ್ಷ, ಚಿಕ್ಕವನಿಗೆ ಒಂದೂವರೆ. ದೊಡ್ಡವಳು ಕೂರಲು ಕಲಿತಾಗಿನಿಂದ ಈ ಎರಡು ವಸ್ತುಗಳು ನಮ್ಮ ಜೊತೆ ಇವೆ. ಒಂದು, ಮೂರು ಮಡಿಕೆಯಾಗಿ ಬ್ಯಾಗಿನಷ್ಟಕ್ಕೆ ಇಳಿಯುವ, ಸುಮಾರು 6 ಕೆಜಿ ತೂಕದ ಸ್ಟ್ರೋಲರ್. ಇನ್ನೊಂದು, ಹಿಮ್ಮುಖವಾಗಿಯೂ ಮುಮ್ಮುಖವಾಗಿಯೂ ಕೂರಿಸಬಹುದಾದ, 18 ಕೆಜಿವರೆಗಿನ ಮಕ್ಕಳ ಕಾರ್ ಸೀಟ್. ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ಅಳತೆ, ಇದೇ ಮಡಿಕೆಯ ಗಾಡಿಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ. ನೋಡಬೇಕಾದದ್ದು ಹೆಸರಲ್ಲ, ಅಳತೆ.

ಅಳತೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಡಬ್ಬದ ಮೇಲೆ ‘ಕ್ಯಾಬಿನ್‌ಗೆ ಸರಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ಗಾಡಿ ಮಾಡಿದವರ ಮಾತು, ವಿಮಾನದವರ ಮಾತಲ್ಲ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಇರುವ ಮಿತಿ 55 x 35 x 25 ಸೆಂಟಿಮೀಟರ್, 7 ಕೆಜಿ. ಈ ಜಾತಿಯ ಗಾಡಿ ಮಡಚಿದಾಗ 52 x 44 x 18ರ ಆಸುಪಾಸು ಬರುತ್ತದೆ. ಉದ್ದ ಸರಿ, ದಪ್ಪ ಸರಿ, ಅಗಲ ಜಾಸ್ತಿ. ಹಾಗಾಗಿ ಒಳಗೆ ಬಿಡುವುದು ಬಿಡದೇ ಇರುವುದು ಆ ದಿನ ಗೇಟ್‌ನಲ್ಲಿ ಇರುವವರ ಕೈಯಲ್ಲಿದೆ. ದೊಡ್ಡ ವಿಮಾನವಾದರೆ ತಲೆಯ ಮೇಲಿನ ಗೂಡಿನಲ್ಲಿ ಆರಾಮಾಗಿ ಕೂರುತ್ತದೆ. ಮಂಗಳೂರು–ಬೆಂಗಳೂರು ನಡುವೆ ಹಾರುವ, ಎಟಿಆರ್ ಎಂಬ ಚಿಕ್ಕ ವಿಮಾನ ಸಿಕ್ಕಿದರೆ ಆ ಆಸೆ ಬಿಡಿ, ಅದರ ಗೂಡುಗಳೇ ಸಣ್ಣವು. ಟಿಕೆಟ್ ಮಾಡುವಾಗಲೇ ಯಾವ ವಿಮಾನ ಎಂದು ಬರೆದಿರುತ್ತದೆ, ನೋಡಿಕೊಳ್ಳಿ.

ಬಿಡದಿದ್ದರೆ ಗೇಟ್‌ನಲ್ಲೇ ಚೀಟಿ ಕಟ್ಟಿ ಕೆಳಗೆ ಹಾಕುತ್ತಾರೆ. ಸಾಮಾನ್ಯವಾಗಿ ಇದಕ್ಕೆ ದುಡ್ಡು ಕೇಳುವುದಿಲ್ಲ. ಆದರೆ ಒಂದು ಪ್ರಶ್ನೆ ಮರೆಯದೆ ಕೇಳಿ: ಇಳಿದಾಗ ಗಾಡಿ ವಿಮಾನದ ಬಾಗಿಲಲ್ಲಿ ಸಿಗುತ್ತದಾ, ಲಗೇಜ್ ಬೆಲ್ಟ್‌ನಲ್ಲಾ? ಬಾಗಿಲಲ್ಲಿ ಸಿಗುತ್ತದೆ ಎಂದುಕೊಂಡು ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಾಯುತ್ತಾ ನಿಂತವರನ್ನು ಬೇಕಾದಷ್ಟು ನೋಡಿದ್ದೇನೆ. ದುಬೈಯಂಥ ದೊಡ್ಡ ಏರ್‌ಪೋರ್ಟ್‌ನಲ್ಲಿ ಬೆಲ್ಟ್ ತನಕ ನಡೆಯುವ ದೂರ ಕಡಿಮೆಯಲ್ಲ. ಅದಕ್ಕೇ ನನ್ನ ಬ್ಯಾಗಿನಲ್ಲಿ ಮಗು ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರ್ ಯಾವಾಗಲೂ ಇರುತ್ತದೆ. ಸೆಕ್ಯುರಿಟಿಯಲ್ಲಿ ಹೇಗೂ ಮಗುವನ್ನು ಎತ್ತಿಕೊಂಡು, ಗಾಡಿ ಮಡಚಿ ಯಂತ್ರಕ್ಕೆ ಕೊಡಬೇಕು. ಗಾಡಿಯ ಕೆಳಗಿನ ಬುಟ್ಟಿ ಮೊದಲೇ ಖಾಲಿ ಇದ್ದರೆ ಹಿಂದೆ ನಿಂತವರಿಗೂ ನಿಮಗೂ ಒಳ್ಳೆಯದು. ಮಗುವಿನ ಹಾಲು, ಬಿಸಿನೀರು, ರಾಗಿ ಮಣ್ಣಿ ಇದ್ದರೆ ಇದೆ ಎಂದು ಹೇಳಿ, ತೋರಿಸಿ. ಮಗುವಿನ ಆಹಾರಕ್ಕೆ ನಮಗೆ ಇಲ್ಲಿ ತನಕ ತಕರಾರು ಬಂದಿಲ್ಲ.

ಇನ್ನು ಗಾಡಿ ಬಾಳಿಕೆ. ಅಂಗಡಿಯಲ್ಲಿ ಯಾರೂ ಹೇಳದ, ನಮ್ಮ ಕರಾವಳಿಯವರು ಮಾತ್ರ ತಿಳಿದುಕೊಳ್ಳಬೇಕಾದ ವಿಷಯ ಇದು. ಮೊದಲ ಮಳೆಗಾಲದಲ್ಲೇ ಮುಂದಿನ ಚಕ್ರದ ಅಚ್ಚಿನ ತುದಿಯಲ್ಲಿ ಕೆಂಪು ತುಕ್ಕು ಕಾಣಿಸಿತು. ಆಮೇಲೆ ಬ್ರೇಕಿನ ಒಳಗಿನ ಸ್ಪ್ರಿಂಗ್ ಬಿಗಿಯಾಯಿತು. ಮಲ್ಪೆ ಬೀಚಿಗೆ ಗಾಡಿ ತೆಗೆದುಕೊಂಡು ಹೋಗುವುದೇ ಬೇಡ. ಸಣ್ಣ ಚಕ್ರ ಮರಳಿನಲ್ಲಿ ಹೂತುಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಉಪ್ಪಿನ ಮರಳು ಬೇರಿಂಗ್ ಒಳಗೆ ಸೇರಿದರೆ ಮತ್ತೆ ತೆಗೆಯಲು ಬರುವುದಿಲ್ಲ, ಕಿರ್ ಕಿರ್ ಶಬ್ದ ಕೊನೆಯವರೆಗೂ ಇರುತ್ತದೆ. ನಾನೀಗ ತಿಂಗಳಿಗೊಮ್ಮೆ ಚಕ್ರ ಬಿಚ್ಚಿ, ನಲ್ಲಿ ನೀರಿನಲ್ಲಿ ತೊಳೆದು, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯುತ್ತೇನೆ. ಎಣ್ಣೆ ಹಾಕಬೇಡಿ, ಧೂಳು–ಮರಳು ಅಂಟಿಕೊಂಡು ಇನ್ನೂ ಕೆಡುತ್ತದೆ.

ಬಟ್ಟೆಯ ಕಥೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಡಚಿ ಮೂಲೆಯಲ್ಲಿ ಇಟ್ಟರೆ ಬೂಷ್ಟು ಬಂತು ಎಂದೇ ಲೆಕ್ಕ. ಮಗುವಿನ ಬೆನ್ನು ತಾಗುವ ಜಾಗದಲ್ಲೇ ಬರುತ್ತದೆ, ಅಲ್ಲಿ ಬೆವರು, ಹಾಲು ಎರಡೂ ಇರುತ್ತದೆ ಅಲ್ವಾ. ಬಟ್ಟೆ ಪೂರ್ತಿ ಬಿಚ್ಚಿ ತೊಳೆಯಲು ಬರುವ ಗಾಡಿಯನ್ನೇ ತೆಗೆದುಕೊಳ್ಳಿ. ನಮ್ಮದು ಬಿಚ್ಚಲು ಬರುತ್ತದೆ, ಅದೇ ಅದನ್ನು ಉಳಿಸಿತು. ಮಳೆಗಾಲ ಪೂರ್ತಿ ಅದನ್ನು ಮಡಚದೆ, ಬಿಡಿಸಿಯೇ ಫ್ಯಾನಿನ ಕೆಳಗೆ ಇಡುತ್ತೇವೆ. ಜೊತೆಗೆ ಬಂದ ಪ್ಲಾಸ್ಟಿಕ್ ಮಳೆ ಹೊದಿಕೆ ವಿಮಾನದ ಮೆಟ್ಟಿಲ ತನಕ ಹೋಗಲು ಬಹಳ ಉಪಕಾರ. ಆದರೆ ಮಳೆ ನಿಂತ ಕೂಡಲೇ ತೆಗೆಯಿರಿ. ನಮ್ಮ ಸೆಕೆಗೆ ಒಳಗೆ ಮಗು ಬೆಂದುಹೋಗುತ್ತದೆ.

ಇಷ್ಟೆಲ್ಲ ಆದರೂ ಗಾಡಿ ಇನ್ನೂ ಓಡುತ್ತಿದೆ. ಏರ್‌ಪೋರ್ಟ್, ಮಾಲ್, ಆಸ್ಪತ್ರೆಯ ನುಣುಪು ನೆಲದಲ್ಲಿ ಒಂದು ಕೈಯಲ್ಲಿ ತಳ್ಳಬಹುದು. ರಥಬೀದಿಯಲ್ಲಿ ಜನ ಕಡಿಮೆ ಇರುವ ಬೆಳಿಗ್ಗೆ ಹೊತ್ತು ಪರವಾಗಿಲ್ಲ. ಮುರಕಲ್ಲಿನ ಅಂಗಳಕ್ಕೆ, ನಮ್ಮ ಒಳರಸ್ತೆಗಳಿಗೆ ಇದು ಆಗುವ ಗಾಡಿಯಲ್ಲ. ಬರೀ ಊರಿನ ಬಳಕೆಗಾದರೆ ದೊಡ್ಡ ಚಕ್ರದ್ದು ಬೇಕು. ವರ್ಷಕ್ಕೊಮ್ಮೆ ಮಾತ್ರ ವಿಮಾನ ಹತ್ತುವವರು ಇದಕ್ಕೆ ಅಷ್ಟು ದುಡ್ಡು ಹಾಕಬೇಡಿ, ಕ್ಯಾರಿಯರ್ ಒಂದಿದ್ದರೆ ಸಾಕು.

ಈಗ ಕಾರ್ ಸೀಟ್.

ಉಡುಪಿಯಿಂದ ಬಜ್ಪೆಗೆ ನಾವು ಹೋಗುವುದು ಎರಡು ದಾರಿಯಲ್ಲಿ. ಮೂಲ್ಕಿಯಲ್ಲಿ ತಿರುಗಿ ಕಿನ್ನಿಗೋಳಿ, ಕಟೀಲು ಮೇಲೆ. ಇಲ್ಲವಾದರೆ ಹೆದ್ದಾರಿ 66ರಲ್ಲೇ ಕೂಳೂರು ತನಕ ಹೋಗಿ ಕಾವೂರು, ಮರಕಡ ಮೇಲೆ. ಮೊದಲನೆಯದರಲ್ಲಿ ತಿರುವುಗಳು, ಎರಡನೆಯದರಲ್ಲಿ ಲಾರಿಗಳು. ಬೆಳಗಿನ ವಿಮಾನ ಎಂದರೆ ಕತ್ತಲಲ್ಲೇ ಹೊರಡಬೇಕು. ಡ್ರೈವರ್‌ಗೂ ನಿದ್ದೆ ಕಮ್ಮಿ, ಎದುರಿನ ಲಾರಿಯವರಿಗೂ ನಿದ್ದೆ ಕಮ್ಮಿ. ಇಂಥ ದಾರಿಯಲ್ಲಿ ಮಗುವನ್ನು ಮಡಿಲಲ್ಲಿ ಹಿಡಿದುಕೊಂಡು ಹೋಗುವುದು ಎಷ್ಟು ಅಪಾಯ ಎಂದು ನಮ್ಮವರಿಗೆ ಇನ್ನೂ ಮನಸ್ಸಿಗೆ ಬಂದಿಲ್ಲ. ಕಾರು ಗಕ್ಕನೆ ನಿಂತಾಗ 10 ಕೆಜಿ ಮಗುವನ್ನು ಯಾವ ತಾಯಿಯ ಕೈಯೂ ಹಿಡಿದು ನಿಲ್ಲಿಸಲಾರದು. ಆ ಕ್ಷಣದಲ್ಲಿ ಮಗುವಿನ ಭಾರ ಕೈಗೆ ಹಲವು ಪಟ್ಟು ಆದಂತೆ ಎಳೆಯುತ್ತದೆ.

ನಮ್ಮ ಕಾನೂನಿನಲ್ಲೂ ಇದು ಇದೆ. 2019ರ ಮೋಟಾರು ವಾಹನ ತಿದ್ದುಪಡಿಯ 194ಬಿ ಸೆಕ್ಷನ್ ಪ್ರಕಾರ 14 ವರ್ಷದೊಳಗಿನ ಮಗು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಕೂತರೆ 1,000 ರೂಪಾಯಿ ದಂಡ. ಇಲ್ಲಿ ಯಾರೂ ಕೇಳುವುದಿಲ್ಲ, ಅಷ್ಟೇ. ದುಬೈಯಲ್ಲಿ ಕೇಳುತ್ತಾರೆ. ಅಲ್ಲಿ 4 ವರ್ಷದೊಳಗಿನ ಮಕ್ಕಳಿಗೆ ಸೀಟ್ ಕಡ್ಡಾಯ, ಇಲ್ಲದಿದ್ದರೆ 400 ದಿರ್ಹಂ ದಂಡ. ಭಾವ ಕಾರು ತೆಗೆದುಕೊಂಡು ಬಂದವರೇ ಮೊದಲು ಕೇಳಿದ್ದು, “ಸೀಟ್ ತಂದಿದ್ದೀರಲ್ಲ?” ಎಂದು.

ಟ್ಯಾಕ್ಸಿಯವರ ವಿಷಯಕ್ಕೆ ಬರೋಣ. “ಯಾಕಕ್ಕಾ ಇಷ್ಟು ಕಷ್ಟ, ನಾನು ನಿಧಾನ ಹೋಗ್ತೇನೆ ಮಾರಾಯ್ರೆ” ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು. ಆದರೆ ಹಿಂದಿನ ಸೀಟಿನ ಬೆಲ್ಟಿನ ಬಕಲ್ ಸೀಟ್ ಕವರಿನ ಅಡಿಯಲ್ಲಿ ಹೂತಿರುತ್ತದೆ. ಬೆಳಗಿನ ಜಾವ ಟಾರ್ಚ್ ಹಿಡಿದು ಅದನ್ನು ಹುಡುಕುವುದು ಬೇಡ. ಹಿಂದಿನ ದಿನವೇ ಫೋನ್ ಮಾಡಿ, “ಹಿಂದಿನ ಎರಡೂ ಬಕಲ್ ಹೊರಗೆ ತೆಗೆದಿಡಿ, ಮಗುವಿನ ಸೀಟ್ ಕಟ್ಟಲಿಕ್ಕುಂಟು” ಎಂದು ಹೇಳಿಬಿಡಿ. ನಾವು ಯಾವಾಗಲೂ ಕರೆಯುವ ಅಣ್ಣ ಈಗ ಹೇಳದೆಯೇ ಬಕಲ್ ತೆಗೆದಿಟ್ಟು ಬರುತ್ತಾರೆ.

ಕಟ್ಟುವ ಕ್ರಮ ಹೀಗೆ. ಸೀಟನ್ನು ಇಟ್ಟು, ಬೆಲ್ಟನ್ನು ಪೂರ್ತಿ ಎಳೆದು, ಸೀಟಿನ ಮೇಲೆ ಗುರುತು ಮಾಡಿರುವ ದಾರಿಯಲ್ಲೇ ತೂರಿಸಬೇಕು. ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು ಗುರುತು ಇರುತ್ತದೆ. ಬಕಲ್ ಹಾಕಿದ ಮೇಲೆ ಮಂಡಿಯನ್ನು ಸೀಟಿನ ಮೇಲೆ ಊರಿ, ಮೈಭಾರ ಬಿಟ್ಟು, ಉಳಿದ ಬೆಲ್ಟ್ ಜಗ್ಗಬೇಕು. ಆಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಒಂದು ಇಂಚಿಗಿಂತ ಜಾಸ್ತಿ ಅಲ್ಲಾಡಬಾರದು. ಮಗುವಿನ ಹೆಗಲ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ನೋಡಿ. ಮಡಿಕೆ ಸಿಕ್ಕಿದರೆ ಸಡಿಲ ಇದೆ ಎಂದೇ ಅರ್ಥ. ಅಭ್ಯಾಸ ಆದ ಮೇಲೆ ಇದಕ್ಕೆ ಹೆಚ್ಚು ಹೊತ್ತು ಬೇಡ.

ಈ ಕಾರಣಕ್ಕೇ ಹೇಳುವುದು, ಬರೀ ಐಸೋಫಿಕ್ಸ್‌ಗೆ, ಅಂದರೆ ಕಾರಿನ ಸೀಟಿನಲ್ಲೇ ಇರುವ ಲೋಹದ ಕೊಂಡಿಗೆ, ಮಾತ್ರ ಕೂರುವ ಸೀಟ್ ಪ್ರಯಾಣಕ್ಕೆ ಬೇಡ. ಸ್ವಂತ ಕಾರಿಗೆ ಅದು ಒಳ್ಳೆಯದು, ಕಟ್ಟುವಾಗ ತಪ್ಪಾಗುವುದು ಕಡಿಮೆ. ಆದರೆ ಹಳೆಯ ಟ್ಯಾಕ್ಸಿಯಲ್ಲಿ ಆ ಕೊಂಡಿ ಇರುವುದಿಲ್ಲ, ವಿಮಾನದಲ್ಲಂತೂ ಇಲ್ಲವೇ ಇಲ್ಲ. ಬೆಲ್ಟಿನಲ್ಲೂ ಕಟ್ಟಲು ಬರುವ, ಹಗುರವಾದ ಸೀಟ್ ನೋಡಿ. ಚಿಕ್ಕವನು ಈಗಲೂ ಹಿಮ್ಮುಖವಾಗಿಯೇ ಕೂರುವುದು. “ಪಾಪ, ಮಗುವಿಗೆ ಏನೂ ಕಾಣುವುದಿಲ್ಲ” ಎಂದು ಅತ್ತೆಗೆ ಬೇಸರ. ಆದರೆ ಈ ವಯಸ್ಸಿನ ಮಕ್ಕಳ ತಲೆ ಮೈಗೆ ಹೋಲಿಸಿದರೆ ಭಾರ, ಕುತ್ತಿಗೆ ಎಳೆಯದು. ಹಿಮ್ಮುಖವಾಗಿದ್ದರೆ ಹೊಡೆತ ಬೆನ್ನಿಡೀ ಹಂಚಿಹೋಗುತ್ತದೆ. ಮಕ್ಕಳ ಕಾರ್ ಸೀಟ್‌ಗೆ ಯುರೋಪಿನಲ್ಲಿರುವ ಹೊಸ ಆರ್129 ನಿಯಮದಲ್ಲಿ ಕನಿಷ್ಠ 15 ತಿಂಗಳ ತನಕ ಹಿಮ್ಮುಖ ಕಡ್ಡಾಯ. ನಮ್ಮ ಸೀಟಿನಲ್ಲಿ 13 ಕೆಜಿವರೆಗೂ ಹಾಗೆ ಕೂರಿಸಬಹುದು, ಅಲ್ಲಿಯ ತನಕ ತಿರುಗಿಸುವುದಿಲ್ಲ.

ವಿಮಾನದೊಳಗೆ ಸೀಟ್ ಬಳಸಬಹುದಾ ಎಂದು ಬಹಳ ಜನ ಕೇಳುತ್ತಾರೆ. ಬಳಸಬಹುದು, ಆದರೆ ಮಗುವಿಗೆ ಬೇರೆ ಟಿಕೆಟ್ ಬೇಕು. ಎರಡು ವರ್ಷದೊಳಗೆ ಮಡಿಲಲ್ಲಿ ಕೂರಿಸಿದರೆ ಖರ್ಚು ಕಡಿಮೆ, ತಾಯಿಯ ಬೆಲ್ಟಿಗೆ ಸಿಕ್ಕಿಸುವ ಚಿಕ್ಕ ಬೆಲ್ಟ್ ಕೊಡುತ್ತಾರೆ. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ವಿಮಾನ ಬಿದ್ದಾಗ ಮಡಿಲಲ್ಲಿ ಪ್ರಯಾಣ ಮಾಡುತ್ತಿದ್ದ ಒಂದು ಮಗು ತೀರಿಕೊಂಡಿತು. ಆ ವಿಮಾನದ ಸಿಬ್ಬಂದಿ ಜಾನ್ ಬ್ರೌನ್ ಆಮೇಲೆ ವರ್ಷಗಟ್ಟಲೆ, ಮಕ್ಕಳಿಗೂ ಸ್ವಂತ ಸೀಟ್ ಬೇಕು ಎಂದು ಹೋರಾಡಿದರು. ಅದನ್ನು ಓದಿದ ಮೇಲೆ ದೂರದ ಪ್ರಯಾಣಕ್ಕೆ ನಾವು ಚಿಕ್ಕವನಿಗೂ ಟಿಕೆಟ್ ತೆಗೆಯುತ್ತೇವೆ. ಬೆಂಗಳೂರಿಗೆ ಮಡಿಲೇ.

ಒಮ್ಮೆ ವಿಮಾನದ ಸಿಬ್ಬಂದಿ ಸೀಟ್ ಕಟ್ಟಲು ಬಿಡಲಿಲ್ಲ. ಫೋನಿನಲ್ಲಿ ಆಗುತ್ತದೆ ಎಂದವರು ಯಾರೋ, ಒಳಗೆ ಇದ್ದವರು ಯಾರೋ. ಅಂದಿನಿಂದ ಮೊದಲೇ ಮೇಲ್ ಬರೆದು, ಒಪ್ಪಿಗೆಯ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತೇನೆ. ವಿಮಾನಕ್ಕೂ ಆಗುತ್ತದೆ ಎಂಬ ಚೀಟಿ ಸೀಟಿನ ಮೇಲೆ ಇರಲೇಬೇಕು. ಅಮೆರಿಕದ ಸೀಟುಗಳಲ್ಲಿ ಅದು ಕೆಂಪಕ್ಷರದಲ್ಲಿರುತ್ತದೆ. ಕಾರ್ ಸೀಟಿನ ಅಗಲ 43–44 ಸೆಂಟಿಮೀಟರ್ ದಾಟಿದರೆ ವಿಮಾನದ ಎಕಾನಮಿ ಸೀಟಿನ ಎರಡು ಕೈಗಳ ನಡುವೆ ಕೂರುವುದು ಕಷ್ಟ. ಕಿಟಕಿ ಪಕ್ಕದಲ್ಲೇ ಕಟ್ಟಿ, ಬೇರೆಯವರು ಏಳಲು ಅಡ್ಡ ಬರಬಾರದು. ಇಳಿಯುವಾಗ ಬಕಲ್ ಸೀಟಿನ ಹೊಟ್ಟೆಯೊಳಗೆ ಸಿಕ್ಕಿಕೊಂಡಿರುತ್ತದೆ. ಸೀಟನ್ನು ಸ್ವಲ್ಪ ವಾಲಿಸಿ ಹಿಡಿದರೆ ಬೆರಳು ಹೋಗುತ್ತದೆ. ದೊಡ್ಡವಳ ಬೂಸ್ಟರ್, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಬರುವಂತೆ ಎತ್ತರಿಸಿ ಕೂರಿಸುವ ಸೀಟ್, ಮಾತ್ರ ವಿಮಾನದಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಹೆಗಲ ಬೆಲ್ಟ್ ಬೇಕು, ವಿಮಾನದಲ್ಲಿ ಇರುವುದು ಸೊಂಟದ್ದು ಮಾತ್ರ.

ಲಗೇಜಿಗೆ ಹಾಕುವುದಾದರೆ ದಪ್ಪ ಚೀಲದಲ್ಲಿ, ಸುತ್ತ ಬಟ್ಟೆ ತುಂಬಿ ಹಾಕಿ. ಸೀಟಿನ ಒಳಗಿರುವುದು ಥರ್ಮಾಕೋಲ್ ಥರದ ಫೋಮ್. ಎತ್ತಿ ಎಸೆದಾಗ ಬಿರುಕು ಬಿಟ್ಟರೆ ಹೊರಗಿನ ಬಟ್ಟೆಯಿಂದ ಗೊತ್ತೇ ಆಗುವುದಿಲ್ಲ. ಲಗೇಜ್ ಬೆಲ್ಟಿನಿಂದ ಎತ್ತಿಕೊಂಡ ಕೂಡಲೇ ಅಲ್ಲೇ ಕವರ್ ಸರಿಸಿ ನೋಡಿ. ಒಡೆದಿದ್ದರೆ ಹೊರಗೆ ಬರುವ ಮೊದಲೇ ಬರೆಸಿಕೊಳ್ಳಿ, ಆಮೇಲೆ ಯಾರೂ ಕೇಳುವುದಿಲ್ಲ.

ಹಳೆಯದನ್ನು ಕೊಳ್ಳುವ ವಿಷಯ. ಸ್ಟ್ರೋಲರ್ ಧಾರಾಳವಾಗಿ ಹಳೆಯದೇ ಕೊಳ್ಳಿ, ಚಕ್ರ ಮತ್ತು ಬ್ರೇಕ್ ನೋಡಿದರೆ ಸಾಕು. ಕಾರ್ ಸೀಟ್ ಮಾತ್ರ ಗುರುತು ಪರಿಚಯ ಇಲ್ಲದವರಿಂದ ಬೇಡವೇ ಬೇಡ. ಅಪಘಾತದಲ್ಲಿ ಇದ್ದ ಸೀಟನ್ನು ಮತ್ತೆ ಬಳಸಬಾರದು, ಅದು ಅಪಘಾತ ನೋಡಿದೆಯೋ ಇಲ್ಲವೋ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಮಗುಚಿ ನೋಡಿದರೆ ಅಡಿಯಲ್ಲಿ ತಯಾರಾದ ತಾರೀಕು ಇರುತ್ತದೆ, ಕೆಲವದರಲ್ಲಿ ಎಷ್ಟು ವರ್ಷ ಬಳಸಬಹುದು ಎಂದೂ ಇರುತ್ತದೆ. ನಮ್ಮದರಲ್ಲಿ ಇನ್ನೂ ಅವಧಿ ಇದೆ. ಚಿಕ್ಕವನು 18 ಕೆಜಿ ಆಗುವ ತನಕ ಅದು ನಮ್ಮಲ್ಲೇ ಇರುತ್ತದೆ. ಸ್ಟ್ರೋಲರ್ ಕೇಳಿದವರು ಆಗಲೇ ಇದ್ದಾರೆ, ಬರುವ ಮಳೆಗಾಲಕ್ಕೆ ಮೊದಲು ಕೊಟ್ಟುಬಿಡುತ್ತೇನೆ, ಸಿಲಿಕೋನ್ ಸ್ಪ್ರೇ ಡಬ್ಬಿ ಸಮೇತ.