5% ಮಿನಾಕ್ಸಿಡಿಲ್: ದ್ರವಕ್ಕಿಂತ ಫೋಮ್ ವಾಸಿ, ರೋಸ್‌ಮರಿ ಎಣ್ಣೆ ಬರೀ ಘಮ

ವಯಸ್ಸು ಇಪ್ಪತ್ತರ ಆಸುಪಾಸಿನಲ್ಲೇ ಹಣೆಯ ಎರಡೂ ಮೂಲೆ ಹಿಂದೆ ಸರಿದು, ನೆತ್ತಿಯ ಚರ್ಮ ಇಣುಕಲು ಶುರುವಾದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮೊದಲು ಹಚ್ಚಿದ್ದು ರೋಸ್‌ಮರಿ ಎಣ್ಣೆ, ಆಮೇಲೆ ಕೂದಲು ಬೆಳೆಸಲು ತಲೆಗೆ ಹಚ್ಚುವ ಔಷಧಿ ಮಿನಾಕ್ಸಿಡಿಲ್‌ನ ದ್ರವ, ಈಗ ಅದರದ್ದೇ ಫೋಮ್ (ನೊರೆ). ಜೊತೆಗೆ ಚರ್ಮದ ಡಾಕ್ಟರ್ ಬರೆದುಕೊಟ್ಟ ಕೂದಲು ಉದುರುವುದನ್ನು ತಡೆಯುವ 1 ಮಿ.ಗ್ರಾಂ ಫಿನಾಸ್ಟರೈಡ್ ಮಾತ್ರೆ. ಈಗ ಉಳಿದಿರುವುದು ಫೋಮ್ ಮತ್ತು ಮಾತ್ರೆ ಮಾತ್ರ.

ದ್ರವ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದರ ಜೊತೆ ಬಾಳುವುದು ಕಷ್ಟ. ಡ್ರಾಪರ್‌ನಲ್ಲಿ 1 ಮಿ.ಲೀ. ತೆಗೆದು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬಿಡಬೇಕು. ಅದು ಬುಡಕ್ಕೆ ಇಳಿಯುವ ಮೊದಲೇ ಹಣೆ ಮೇಲೆ ಹರಿದು ಬರುತ್ತದೆ, ಒಣಗಿದ ಮೇಲೆ ಕೂದಲು ತೆಂಗಿನ ನಾರಿನ ಹಾಗೆ ಗಡುಸಾಗಿ ನಿಲ್ಲುತ್ತದೆ, ಬೆರಳಾಡಿಸಿದರೆ ಬಿಳಿ ಪುಡಿ ಬೇರೆ. ಜೊತೆಗೆ ತುರಿಕೆ. ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರಾವಕ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಫೋಮ್‌ನಲ್ಲಿ ಅದು ಇರುವುದಿಲ್ಲ, ಅದಕ್ಕೇ ಬದಲಾಯಿಸಿದೆ. ಕ್ಯಾನ್ ತಲೆಕೆಳಗು ಹಿಡಿದು ಒತ್ತಬೇಕು, ಬೆಚ್ಚಗಿನ ಬೆರಳಿಗೆ ತಾಗಿದ ಕೂಡಲೇ ಕರಗಿ ನೀರಾಗುತ್ತದೆ. ಹಾಗಾಗಿ ಮೊದಲು ತಣ್ಣೀರಲ್ಲಿ ಕೈ ತೊಳೆದು ಒರೆಸಿ, ಬೈತಲೆ ತೆಗೆದು, ಒಣಗಿದ ಚರ್ಮಕ್ಕೆ ತಾಗಿಸಿ. ಕೂದಲಿಗೆ ಹಚ್ಚಿ ಪ್ರಯೋಜನವಿಲ್ಲ. ಆಮೇಲೆ ಕೈ ತೊಳೆಯಲೇಬೇಕು. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಹುಷಾರು, ಅದಕ್ಕೆ ಮಿನಾಕ್ಸಿಡಿಲ್ ಸ್ವಲ್ಪವೇ ಸೋಕಿದರೂ ಪ್ರಾಣಕ್ಕೇ ಅಪಾಯ.

ಶುರುವಿನ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು. ಎಷ್ಟೋ ಜನ ಅಲ್ಲೇ ಹೆದರಿ ಬಿಟ್ಟುಬಿಡುತ್ತಾರೆ. ವಿಶ್ರಾಂತಿಯಲ್ಲಿದ್ದ ಹಳೇ ಕೂದಲನ್ನು ಹೊಸದು ತಳ್ಳುವುದರಿಂದ ಹಾಗಾಗುತ್ತದೆ. ಫಲ ಕಾಣಲು ನಾಲ್ಕು ತಿಂಗಳಾದರೂ ಬೇಕು. ನನಗೆ ನೆತ್ತಿ ಚೆನ್ನಾಗಿ ತುಂಬಿತು, ಹಣೆಯ ಮೂಲೆಗಳು ಇದ್ದಲ್ಲೇ ನಿಂತವು, ಅಷ್ಟೇ. ಬಿಟ್ಟರೆ ಕೆಲವೇ ತಿಂಗಳಲ್ಲಿ ಬಂದದ್ದೆಲ್ಲ ಹೋಗುತ್ತದೆ. ಫೋಮ್‌ಗೆ ಐದರಲ್ಲಿ ಒಂದು ಸ್ಟಾರ್ ಕಡಿಮೆ ಕೊಡುತ್ತಿರುವುದು ಅದಕ್ಕೇ.

ಅಂದಹಾಗೆ, ಮಿನಾಕ್ಸಿಡಿಲ್ ಮೂಲದಲ್ಲಿ ಬಿಪಿ ಮಾತ್ರೆ. ತೆಗೆದುಕೊಂಡವರಿಗೆ ಮೈಮೇಲೆಲ್ಲ ಕೂದಲು ಬೆಳೆದದ್ದು ನೋಡಿ ತಲೆಗೆ ಹಚ್ಚುವ ಔಷಧಿ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಆದರೆ ಅದು ಕೂದಲು ಬೆಳೆಸುತ್ತದೆಯೇ ಹೊರತು ಉದುರುವ ಕಾರಣವನ್ನು ಮುಟ್ಟುವುದಿಲ್ಲ. ಟೆಸ್ಟೋಸ್ಟಿರೋನ್‌ನಿಂದ ತಯಾರಾಗುವ ಡಿಎಚ್‌ಟಿ ಎಂಬ ಹಾರ್ಮೋನ್ ಕೂದಲಿನ ಬುಡವನ್ನು ವರ್ಷ ವರ್ಷ ಚಿಕ್ಕದು ಮಾಡುತ್ತಾ ಹೋಗುತ್ತದೆ. ಫಿನಾಸ್ಟರೈಡ್ ತಡೆಯುವುದು ಈ ತಯಾರಿಕೆಯನ್ನು. ರಕ್ತದಲ್ಲಿನ ಡಿಎಚ್‌ಟಿ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ. ಹಾಗಂತ ಸುಮ್ನೆ ನುಂಗುವ ಮಾತ್ರೆ ಅಲ್ಲ ಇದು. ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುತ್ತದೆ, ಕೆಲವರಿಗೆ ಮನಸ್ಸು ಕುಗ್ಗುತ್ತದೆ, ಅಪರೂಪಕ್ಕೆ ಬಿಟ್ಟ ಮೇಲೂ ತೊಂದರೆ ಉಳಿದದ್ದುಂಟು. ಡಾಕ್ಟರ್ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡಿ. ಗರ್ಭಿಣಿಯರು ಮುರಿದ ಮಾತ್ರೆಯನ್ನು ಮುಟ್ಟಬಾರದು. ಇದನ್ನು ತೆಗೆದುಕೊಳ್ಳುತ್ತಿರುವಾಗ ರಕ್ತದಾನವೂ ಬೇಡ.

ಇನ್ನು ಎಣ್ಣೆ. ರೋಸ್‌ಮರಿ ಮಾರುವವರೆಲ್ಲ ಹಿಡಿದುಕೊಂಡು ಓಡಾಡುವುದು 2015ರ ಒಂದು ಪ್ರಯೋಗವನ್ನು. ಅದರಲ್ಲಿ ಹೋಲಿಸಿದ್ದು 2% ಮಿನಾಕ್ಸಿಡಿಲ್ ಜೊತೆ, 5% ಜೊತೆ ಅಲ್ಲ. ಆರು ತಿಂಗಳಿಗೆ ಎರಡೂ ಗುಂಪಿನಲ್ಲಿ ಸಿಕ್ಕ ಫಲ ಅಲ್ಪವೇ. ಇದನ್ನು ಬಾಟಲಿ ಮೇಲೆ ಯಾರೂ ಬರೆಯುವುದಿಲ್ಲ, ಅಲ್ವಾ? ತಲೆಗೆ ತಿಕ್ಕಿದಾಗ ಹಿತವಾಗಿತ್ತು, ವಾಸನೆ ಚೆನ್ನಾಗಿತ್ತು, ನೆತ್ತಿ ಮಾತ್ರ ಹಾಗೇ ಇತ್ತು. ಎರಡು ಸ್ಟಾರ್, ಅದೂ ಘಮಕ್ಕೆ. ಬಯೋಟಿನ್ ಎಂಬ ಬಿ ವಿಟಮಿನ್ ಮಾತ್ರೆ ಅದರ ಕೊರತೆ ಇದ್ದವರಿಗಷ್ಟೇ ಉಪಯೋಗ, ಮೇಲಾಗಿ ಥೈರಾಯ್ಡ್‌ನಂಥ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪು ತೋರಿಸಬಹುದು. ಈರುಳ್ಳಿ ರಸಕ್ಕೆ ಒಂದಿಷ್ಟು ಫಲ ಕಂಡದ್ದು ದುಂಡಗೆ, ತೇಪೆ ತೇಪೆಯಾಗಿ ಉದುರುವ ಕಾಯಿಲೆಯಲ್ಲಿ. ಅದೇ ಬೇರೆ, ಇದೇ ಬೇರೆ. ನಿಮಗೆ ಹಾಗೆ ಉದುರುತ್ತಿದ್ದರೆ ಫೋಮ್ ತರಿಸುವ ಮೊದಲು ಡಾಕ್ಟರಿಗೆ ತಲೆ ತೋರಿಸಿ.