ಹಳೆಯ ಕಾಮಿಕ್ಸ್‌ಗೆ ಹೊಸ ಬಣ್ಣ ಹಚ್ಚುವ ಮುನ್ನ: ಮಾವನ ನೀಲಿ ಫ್ಯಾಂಟಮ್ ನನ್ನ ಕೈಯಲ್ಲಿ ಹಾಳಾದ ಬಗೆ

ಹಳೆಯ ಕಾಮಿಕ್ಸ್ ಪುಟಗಳನ್ನು ಸ್ಕ್ಯಾನ್ ಮಾಡಿ, ಮಾಸಿದ ಬಣ್ಣವನ್ನು ತೆಗೆದು, ಕಂಪ್ಯೂಟರಿನಲ್ಲಿ ಹೊಸದಾಗಿ ಬಣ್ಣ ತುಂಬುವ ಹವ್ಯಾಸ ನನಗೆ ನಾಲ್ಕು ವರ್ಷಗಳಿಂದ ಇದೆ. ಅದನ್ನು ಬಿಡಿ ಎಂದು ಯಾರಿಗೂ ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಆದರೆ ನನ್ನ ಸೋದರಮಾವ ಅರವತ್ತು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ ಒಂದು ಇಂದ್ರಜಾಲ್ ಕಾಮಿಕ್ಸ್ ಸಂಚಿಕೆಯನ್ನು ಕಳೆದ ವರ್ಷ ಈ ಹವ್ಯಾಸದ ಹೆಸರಿನಲ್ಲಿ ನಾನು ಹಾಳು ಮಾಡಿದೆ. ಕಾಗದವೂ ಹೋಯಿತು, ಸ್ಕ್ಯಾನ್ ಮಾಡಿದ ಕಡತವೂ ಹೋಯಿತು, ಅದರ ಜೊತೆಗೆ ಆ ಪುಟಗಳು ಯಾವ ಬಣ್ಣದಲ್ಲಿದ್ದವು ಎಂಬುದಕ್ಕೆ ಇದ್ದ ಸಾಕ್ಷಿಯೂ ಹೋಯಿತು. ಇದೇ ಕೆಲಸಕ್ಕೆ ಕೈ ಹಾಕಿರುವವರು, ಅದರಲ್ಲೂ ಬೇರೆಯವರ ಪುಸ್ತಕವನ್ನು ಕೇಳಿ ಪಡೆದು ತಂದಿರುವವರು, ಮುಂದುವರಿಯುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರ ಮಾರ್ಚ್‌ನಲ್ಲಿ ಆರಂಭಿಸಿ 1990ರವರೆಗೆ ನಡೆಸಿದ ಮಾಲೆ ಇಂದ್ರಜಾಲ್. ಮುಂದೆ ಅದು ಕನ್ನಡದಲ್ಲಿಯೂ ಬರುತ್ತಿದ್ದುದರಿಂದ, ಮುಖವಾಡದ ವೀರ ಫ್ಯಾಂಟಮ್, ಅವನ ಡೆಂಕಾಲಿಯ ಕಾಡು, ತಲೆಬುರುಡೆಯ ಗುಹೆ, ಬಿಳಿ ಕುದುರೆ ಹೀರೋ, ತೋಳ ಡೆವಿಲ್ ಇವನ್ನೆಲ್ಲ ಐವತ್ತು ದಾಟಿದ ಓದುಗರಿಗೆ ನಾನು ಪರಿಚಯಿಸಬೇಕಾಗಿಲ್ಲ. ಮಾವನ ಬಳಿ ಇದ್ದದ್ದು ಮೊದಲ ವರ್ಷದ ಇಂಗ್ಲಿಷ್ ಸಂಚಿಕೆ. ಅವರು ಹತ್ತು ವರ್ಷದ ಹುಡುಗನಾಗಿದ್ದಾಗ ತಾತ ಮೈಸೂರು ರೈಲು ನಿಲ್ದಾಣದಲ್ಲಿ ಕೊಡಿಸಿದ್ದಂತೆ. ಹೊದಿಕೆ ಪುಟ ಎಂದೋ ಹರಿದುಹೋಗಿತ್ತು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಅದನ್ನು ನನ್ನ ಕೈಗಿಡುವಾಗ ಮಾವ, "ಹುಷಾರು ಕಣೋ, ಮುಟ್ಟಿದರೆ ಉದುರುತ್ತೆ" ಎಂದಿದ್ದರು. ಅದು ಬರಿಯ ಪ್ರೀತಿಯ ಮಾತು ಎಂದುಕೊಂಡೆ. ವಾಸ್ತವವಾಗಿ ಅದು ಕಾಗದದ ಸ್ಥಿತಿಯ ನಿಖರವಾದ ವರದಿಯಾಗಿತ್ತು. ಆ ಕಾಲದ ಅಗ್ಗದ ಮುದ್ರಣ ಕಾಗದದಲ್ಲಿ ಮರದ ಲಿಗ್ನಿನ್ ಅಂಶ ಉಳಿದುಕೊಂಡಿರುತ್ತದೆ. ಗಾಳಿಗೆ ಮತ್ತು ಬೆಳಕಿಗೆ ಒಡ್ಡಿಕೊಂಡಂತೆಲ್ಲ ಅದು ಹಳದಿಯಾಗುತ್ತದೆ, ಕಾಗದದೊಳಗೆ ಆಮ್ಲ ಹೆಚ್ಚುತ್ತದೆ, ಎಳೆಗಳು ಸತ್ವ ಕಳೆದುಕೊಂಡು ಹಪ್ಪಳದಂತೆ ಮುರಿಯತೊಡಗುತ್ತವೆ.

ಪುಸ್ತಕವನ್ನು ಹೊಲಿದಿದ್ದ ಎರಡು ಪಿನ್ನುಗಳು ತುಕ್ಕು ಹಿಡಿದು, ಸುತ್ತಲಿನ ಕಾಗದಕ್ಕೆ ಕಂದು ಬಣ್ಣದ ಉಂಗುರ ಮೂಡಿಸಿದ್ದವು. ಪುಟಗಳು ಸ್ಕ್ಯಾನರಿನ ಗಾಜಿನ ಮೇಲೆ ಚಪ್ಪಟೆಯಾಗಿ ಕೂರಲಿ ಎಂದು ನಾನು ಆ ಪಿನ್ನುಗಳನ್ನು ಚಾಕುವಿನ ತುದಿಯಿಂದ ಎಬ್ಬಿಸಿದೆ. ಮೊದಲನೆಯದು ಬಂತು. ಎರಡನೆಯದು ಬರುವಾಗ ತನ್ನೊಂದಿಗೆ ಕಾಗದದ ಒಂದು ಚೂರನ್ನೂ ಕಿತ್ತುಕೊಂಡು ಬಂತು. ಆಗಲಾದರೂ ನಿಲ್ಲಿಸಬೇಕಿತ್ತು. ಹಾಳೆಗಳನ್ನು ಬಿಡಿಸಿ ಸ್ಕ್ಯಾನರಿನ ಮುಚ್ಚಳವನ್ನು ಅಂಗೈಯಿಂದ ಒತ್ತಿದಾಗ ನಡುವಿನ ಮಡಿಕೆ ಸಣ್ಣದಾಗಿ ಚಟ್ಟನೆ ಸದ್ದು ಮಾಡಿತು, ಹಾಳೆ ಎರಡಾಯಿತು. ಒಡೆದ ಹಾಳೆಗಳನ್ನು ಮನೆಯಲ್ಲಿದ್ದ ಸೆಲ್ಲೋಟೇಪಿನಿಂದ ಅಂಟಿಸಿದೆ. ಹಳೆಯ ಕಾಗದಕ್ಕೆ ಸೆಲ್ಲೋಟೇಪು ಹಚ್ಚುವುದು ಅದನ್ನು ಹರಿಯುವುದಕ್ಕಿಂತ ಕೆಟ್ಟದ್ದು ಎಂದು ಈಗ ಗೊತ್ತಾಗಿದೆ. ಅದರ ಅಂಟು ಕಾಗದದೊಳಕ್ಕೆ ಇಳಿದು ಎಣ್ಣೆಯ ಕಲೆಯಂತಾಗುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಇಂಥ ಪುಸ್ತಕವನ್ನು ಬಿಚ್ಚಲೇಬಾರದಿತ್ತು. ಅರ್ಧ ತೆರೆದು, ಎರಡೂ ಬದಿಗೆ ದಿಂಬಿನಂಥ ಆಸರೆ ಕೊಟ್ಟು, ಮೇಲಿನಿಂದ ಕ್ಯಾಮೆರಾದಲ್ಲಿ ಚಿತ್ರ ತೆಗೆದಿದ್ದರೆ ಸಾಕಾಗುತ್ತಿತ್ತು.

ಆದರೂ ಕಾಗದದ ವಿಷಯದಲ್ಲಿ ಆದ ತಪ್ಪಿಗಿಂತ ಕಡತದ ವಿಷಯದಲ್ಲಿ ಆದ ತಪ್ಪು ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಅದನ್ನು ತಪ್ಪಿಸಲು ಒಂದು ರೂಪಾಯಿಯೂ ಬೇಕಿರಲಿಲ್ಲ. ಸ್ಕ್ಯಾನರಿನ ತಂತ್ರಾಂಶದಲ್ಲಿ 'ಡಿಸ್ಕ್ರೀನ್' ಮತ್ತು 'ಬಣ್ಣ ಸುಧಾರಣೆ' ಎಂಬ ಎರಡು ಆಯ್ಕೆಗಳಿದ್ದವು. ಎರಡನ್ನೂ ಆನ್ ಮಾಡಿ, 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕಿ), ಗಾತ್ರ ಕುಗ್ಗಿಸಲು ವಿವರಗಳನ್ನು ಬಿಟ್ಟುಬಿಡುವ ಜೆಪೆಗ್ ಕಡತವಾಗಿ ಉಳಿಸಿದೆ. ಚಿತ್ರಗಳು ನುಣುಪಾಗಿ, ಹೊಳೆಯುತ್ತಾ ಬಂದವು, ನಾನು ಹಿಗ್ಗಿದೆ. ಹಳೆಯ ಕಾಮಿಕ್ಸ್‌ನಲ್ಲಿ ಬಣ್ಣವೆಂಬುದು ಚುಕ್ಕಿಗಳ ಲೆಕ್ಕಾಚಾರ. ಸಯಾನ್ ನೀಲಿ, ಮಜೆಂಟಾ ಕೆಂಪು, ಹಳದಿ ಇವು ಮೂರನ್ನು ಒಂದೊಂದನ್ನೂ ಶೇಕಡಾ 25, 50, 100ರ ಪ್ರಮಾಣದಲ್ಲಿ ಹಾಕಬಹುದು ಅಥವಾ ಹಾಕದೆ ಬಿಡಬಹುದು. ಹೀಗೆ ನಾಲ್ಕು ನಾಲ್ಕು ನಾಲ್ಕರ ಗುಣಾಕಾರದಲ್ಲಿ 64 ಬಣ್ಣಗಳು. ಅಮೆರಿಕದ ಕಾಮಿಕ್ಸ್ ದಶಕಗಳ ಕಾಲ ನಡೆದದ್ದು ಆ 64ರ ಮಿತಿಯಲ್ಲಿ. ಚರ್ಮದ ಬಣ್ಣ, ಕಾಡಿನ ಹಸಿರು, ಸಂಜೆಯ ಆಕಾಶ ಎಲ್ಲವೂ ಚುಕ್ಕಿಗಳ ಸಾಲಿನಲ್ಲಿಯೇ ಬರೆದಿರುತ್ತವೆ. ಆ ಚುಕ್ಕಿಗಳನ್ನು ಕರಗಿಸಿ ಬಳಿದ ಬಣ್ಣದಂತೆ ಕಾಣಿಸುವುದೇ ಡಿಸ್ಕ್ರೀನ್ ಮಾಡುವ ಕೆಲಸ. ಅಂದರೆ ಯಾವ ಬಣ್ಣದಲ್ಲಿ ಯಾವ ಶಾಯಿ ಎಷ್ಟಿತ್ತು ಎಂಬುದಕ್ಕೆ ಇದ್ದ ಪುರಾವೆಯನ್ನು ನಾನು ಮೊದಲ ಹೆಜ್ಜೆಯಲ್ಲಿಯೇ ಅಳಿಸಿ ಹಾಕಿದ್ದೆ.

ಮುಂದಿನ ತಪ್ಪು ಇನ್ನೂ ಸರಳವಾದದ್ದು. ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಆ ಜೆಪೆಗ್ ಕಡತವನ್ನು ತೆರೆದು, ರೇಖೆಗಳನ್ನು ಬೇರ್ಪಡಿಸಿ, ಬಣ್ಣ ತುಂಬಿ, ಕೊನೆಗೆ ಅದೇ ಹೆಸರಿನಲ್ಲಿ, ಅದೇ ಫೋಲ್ಡರಿಗೆ ಎಕ್ಸ್‌ಪೋರ್ಟ್ ಮಾಡುತ್ತಾ ಹೋದೆ. ಮೂಲ ಸ್ಕ್ಯಾನ್ ಇದ್ದ ಜಾಗದಲ್ಲಿ ನನ್ನ ಚಿತ್ರ ಕುಳಿತಿತು. ಆ ಫೋಲ್ಡರು ಅಂತರಜಾಲದ ಸಂಗ್ರಹಕ್ಕೆ ತಾನಾಗಿ ನಕಲಾಗುತ್ತಿತ್ತು, ಆದ್ದರಿಂದ ಎಲ್ಲವೂ ಸುರಕ್ಷಿತ ಎಂದು ನಂಬಿದ್ದೆ. ಆ ವ್ಯವಸ್ಥೆಯೋ ನಾನು ಬದಲಾಯಿಸಿದ್ದನ್ನೆಲ್ಲ ನಿಷ್ಠೆಯಿಂದ ಅಲ್ಲಿಯೂ ಬದಲಾಯಿಸಿತು. ಹಳೆಯ ಆವೃತ್ತಿಗಳನ್ನು ಅದು ಕೆಲವು ದಿನಗಳಷ್ಟೇ ಇಟ್ಟುಕೊಂಡು ಅಳಿಸುತ್ತದೆ ಎಂಬುದು ತಿಳಿಯುವ ಹೊತ್ತಿಗೆ ಮೂರು ತಿಂಗಳು ಕಳೆದಿದ್ದವು.

ಈಗ ಬಣ್ಣದ ವಿಷಯ. ಆ ಸಂಚಿಕೆಯಲ್ಲಿ ಫ್ಯಾಂಟಮ್ ನೀಲಿ ಉಡುಪಿನಲ್ಲಿದ್ದ. ನನಗೆ ಗೊತ್ತಿದ್ದ ಫ್ಯಾಂಟಮ್ ನೇರಳೆ. ಬಿಸಿಲಿಗೆ ಬಿದ್ದ ಮುದ್ರಣದಲ್ಲಿ ಮಜೆಂಟಾ ಮತ್ತು ಹಳದಿ ಬೇಗ ಮಾಸಿ ನೀಲಿ ಉಳಿಯುತ್ತದೆ, ಅಂಗಡಿಗಳ ಮುಂದೆ ವರ್ಷಗಟ್ಟಲೆ ನೇತಾಡಿದ ಜಾಹೀರಾತು ಚಿತ್ರಗಳು ನೀಲಿಗಟ್ಟಿರುವುದನ್ನು ನೀವೂ ನೋಡಿರುತ್ತೀರಿ. ಅದನ್ನೇ ಇಲ್ಲಿಗೂ ಅನ್ವಯಿಸಿ, ನೇರಳೆಯಲ್ಲಿದ್ದ ಕೆಂಪು ಅರವತ್ತು ವರ್ಷಗಳಲ್ಲಿ ಇಂಗಿ ನೀಲಿ ಮಾತ್ರ ಉಳಿದಿದೆ ಎಂದು ತೀರ್ಮಾನಿಸಿದೆ. ಎಲ್ಲ ಪುಟಗಳಲ್ಲಿಯೂ ಅವನಿಗೆ ಕಡು ನೇರಳೆ ತೊಡಿಸಿದೆ. ಕಳೆದುಹೋದ ಬಣ್ಣವನ್ನು ಮರಳಿ ತಂದೆ ಎಂಬ ಸಮಾಧಾನ ಆಗ ನಿಜವಾಗಿಯೂ ನನ್ನಲ್ಲಿತ್ತು.

ಮುಗಿದ ಪುಟಗಳನ್ನು ದೊಡ್ಡ ಪರದೆಯಲ್ಲಿ ಮಾವನಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ನಾಲ್ಕೈದು ಪುಟ ಸುಮ್ಮನೆ ನೋಡಿದರು. ಬಳಿಕ, "ಚೆನ್ನಾಗಿದೆ. ಆದರೆ ಇದು ನನ್ನ ಪುಸ್ತಕ ಅಲ್ಲವಲ್ಲೋ. ನನ್ನ ಫ್ಯಾಂಟಮ್ ನೀಲಿ" ಎಂದರು. ನಾನು ಬಣ್ಣ ಮಾಸುವ ಕಥೆಯನ್ನೆಲ್ಲ ವಿವರಿಸಿದೆ. "ತಂದ ದಿನವೇ ನೀಲಿ ಇತ್ತು. ಅದೇ ನೀಲಿ ಬೇಕೆಂದು ಅಮ್ಮನ ಹತ್ತಿರ ಅಂಗಿ ಹೊಲಿಸಿಕೊಂಡಿದ್ದೆ" ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಮನೆಗೆ ಬಂದು ಓದಿದಾಗ ತಿಳಿದದ್ದು ಇಷ್ಟು. ಫ್ಯಾಂಟಮ್ ಪಾತ್ರವನ್ನು ಸೃಷ್ಟಿಸಿದ ಲೀ ಫಾಕ್ 1936ರಲ್ಲಿ ಪತ್ರಿಕೆಯಲ್ಲಿ ಅದರ ಚಿತ್ರಪಟ್ಟಿಯನ್ನು ಆರಂಭಿಸಿದಾಗ ಅದು ಕಪ್ಪು ಬಿಳುಪಿನದು, ಅವರ ಮನಸ್ಸಿನಲ್ಲಿದ್ದ ಉಡುಪಿನ ಬಣ್ಣ ಬೂದು. 1939ರಲ್ಲಿ ಭಾನುವಾರದ ಬಣ್ಣದ ಪುಟ ಬಂದಾಗ ಅದು ನೇರಳೆಯಾಯಿತು. ಇಟಲಿಯಲ್ಲಿ ಅದೇ ವೀರ ಕೆಂಪು ತೊಟ್ಟ, ಸ್ವೀಡನ್‌ನಲ್ಲಿ ನೀಲಿ ತೊಟ್ಟ. ನಮ್ಮ ಇಂದ್ರಜಾಲ್‌ನ ಮೊದಲ ಕೆಲವು ಸಂಚಿಕೆಗಳಲ್ಲಿಯೂ ಅವನದು ನೀಲಿಯೇ, ನೇರಳೆ ಬಂದದ್ದು ಆಮೇಲೆ. ಅಮೆರಿಕದ ಕಾಮಿಕ್ಸ್‌ನ ದೈತ್ಯ ಪಾತ್ರ ಹಲ್ಕ್‌ನ ಕಥೆಯೂ ಇಂಥದ್ದೇ. 1962ರ ಮೊದಲ ಸಂಚಿಕೆಯಲ್ಲಿ ಅವನು ಬೂದು ಬಣ್ಣದವನು. ಮುದ್ರಣದಲ್ಲಿ ಆ ಬೂದು ಒಂದೊಂದು ಪುಟದಲ್ಲಿ ಒಂದೊಂದು ಥರ ಬಂದದ್ದರಿಂದ ಎರಡನೆಯ ಸಂಚಿಕೆಯಿಂದ ಹಸಿರು ಮಾಡಿದರು. ಇವತ್ತು ಯಾರಾದರೂ ಆ ಮೊದಲ ಸಂಚಿಕೆಯನ್ನು 'ಸರಿಪಡಿಸಿ' ಹಸಿರು ಹಚ್ಚಿದರೆ ಏನಾಗುತ್ತದೋ ಅದನ್ನೇ ನಾನು ಮಾವನ ಪುಸ್ತಕಕ್ಕೆ ಮಾಡಿದ್ದೆ.

ಮೂಲ ಹಾಳೆಗಳನ್ನಾದರೂ ಮತ್ತೆ ನೋಡೋಣವೆಂದರೆ ಅವೂ ಉಳಿದಿರಲಿಲ್ಲ. ಬಣ್ಣ ಹೋಲಿಸಲು ಅನುಕೂಲವೆಂದು ಬಿಡಿ ಹಾಳೆಗಳನ್ನು ಎರಡು ತಿಂಗಳು ಕಿಟಕಿಯ ಪಕ್ಕದ ಮೇಜಿನ ಮೇಲೆ ಹರಡಿಟ್ಟಿದ್ದೆ. ಕೆಲಸ ಮುಗಿದ ಮೇಲೆ ಪಾಲಿಥೀನ್ ಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟೆ. ಆಷಾಢದ ಮಳೆಯಲ್ಲಿ ಅಟ್ಟದ ಗೋಡೆ ತೇವ ಹೀರಿತು, ಚೀಲದೊಳಗೆ ಬೆವರು ಕಟ್ಟಿತು, ಹಾಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬೂಷ್ಟು ಹಿಡಿದ ಮುದ್ದೆಯಾದವು. ಬಿಡಿಸಲು ಹೋದರೆ ಒಂದು ಪುಟದ ಮುಖ ಇನ್ನೊಂದರ ಬೆನ್ನಿಗೆ ಅಂಟಿಕೊಂಡು ಬರುತ್ತಿತ್ತು.

ಒಂದೇ ಒಂದು ಹಾಳೆ ಬೇರೊಂದು ಫೈಲಿನೊಳಗೆ ಸೇರಿಕೊಂಡು ಬದುಕಿತ್ತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಅದರ ಮೇಲಿಟ್ಟು ನೋಡಿದೆ. ಫ್ಯಾಂಟಮ್‌ನ ತೋಳಿನ ಮೇಲೆ ಸಯಾನ್ ನೀಲಿ ಮಾತ್ರ ಇತ್ತು, ಅದರ ನಡುವೆ ಮಜೆಂಟಾದ ಒಂದು ಚುಕ್ಕಿಯೂ ಇರಲಿಲ್ಲ. ಅದೇ ಚೌಕಟ್ಟಿನಲ್ಲಿ, ಅವನಿಂದ ಬೆರಳಗಲ ದೂರದಲ್ಲಿ ನಿಂತಿದ್ದ ಕಡಲ್ಗಳ್ಳನ ತಲೆವಸ್ತ್ರ ಕೆಂಪಾಗಿಯೇ ಇತ್ತು. ಮಜೆಂಟಾ ಮಾಸಿದ್ದರೆ ಅದು ಮೊದಲು ಆ ತಲೆವಸ್ತ್ರದಲ್ಲಿ ಮಾಸಬೇಕಿತ್ತು. ಬಣ್ಣ ಮಾಸಿದೆಯೋ ಇಲ್ಲವೋ ಎಂಬ ಅನುಮಾನ ಬಂದಾಗ ಅದೇ ಪುಟದಲ್ಲಿರುವ ಇತರ ಕೆಂಪು, ಗುಲಾಬಿ, ಕಿತ್ತಳೆಗಳನ್ನು ನೋಡಿ. ಅವು ಗಟ್ಟಿಯಾಗಿದ್ದರೆ ನೀವು ನೋಡುತ್ತಿರುವ ನೀಲಿ ಮುದ್ರಕ ಹಾಕಿದ ನೀಲಿಯೇ. ಎರಡು ನಿಮಿಷದ ಈ ಪರೀಕ್ಷೆಯನ್ನು ನಾನು ಬಣ್ಣ ಹಚ್ಚಿ ಮುಗಿಸಿ, ಹಾಳೆಗಳೆಲ್ಲ ಹಾಳಾದ ಮೇಲೆ ಮಾಡಿದೆ.

ಇಷ್ಟರ ನಡುವೆ ನನ್ನ ನೇರಳೆ ಪುಟಗಳು ಪ್ರಯಾಣ ಹೊರಟಿದ್ದವು. ಸ್ನೇಹಿತರ ಎರಡು ಗುಂಪುಗಳಿಗೆ ಕಳಿಸಿದ್ದೆ, ಪುಟದ ಮೇಲೆ 'ಮರುಬಣ್ಣ' ಎಂದು ಬರೆದಿರಲಿಲ್ಲ. ಏಳೆಂಟು ತಿಂಗಳ ಬಳಿಕ ಅಪರಿಚಿತರೊಬ್ಬರು ಅದೇ ಚಿತ್ರಗಳನ್ನು '1964ರ ಅಸಲಿ ಸ್ಕ್ಯಾನ್' ಎಂಬ ವಿವರಣೆಯೊಂದಿಗೆ ನನಗೇ ಕಳಿಸಿದರು. ನಾನು ಹಿಡಿಯಬಲ್ಲಷ್ಟು ಕಡೆ ತಿದ್ದುಪಡಿ ಬರೆದಿದ್ದೇನೆ, ಆದರೆ ಎಲ್ಲೆಲ್ಲಿ ಹೋಗಿವೆ ಎಂದು ನನಗೆ ತಿಳಿಯುವ ದಾರಿಯಿಲ್ಲ. ನೀವು ಬಣ್ಣ ಹಚ್ಚಿದ ಚಿತ್ರವನ್ನು ಹೊರಗೆ ಬಿಡುವುದಾದರೆ, ಅದು ನಿಮ್ಮ ಬಣ್ಣ ಎಂಬುದನ್ನು ಚಿತ್ರದ ಮೇಲೆಯೇ, ಕತ್ತರಿಸಿದರೆ ಚಿತ್ರವೂ ಕೆಡುವಂಥ ಜಾಗದಲ್ಲಿ ಬರೆಯಿರಿ. ಒಬ್ಬರು ಅವನ್ನು ಟೀ ಶರ್ಟಿನ ಮೇಲೆ ಮುದ್ರಿಸಿ ಮಾರೋಣ ಎಂದೂ ಕೇಳಿದ್ದರು. ಪುಣ್ಯಕ್ಕೆ ಒಪ್ಪಲಿಲ್ಲ. ಲೀ ಫಾಕ್ ತೀರಿಕೊಂಡದ್ದು 1999ರಲ್ಲಿ, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕರ್ತೃವಿನ ಮರಣಾನಂತರ 60 ವರ್ಷ ಹಕ್ಕನ್ನು ಕಾಯುತ್ತದೆ. ಪುಸ್ತಕ ಹಳೆಯದಾದ ಮಾತ್ರಕ್ಕೆ ಪಾತ್ರ ಎಲ್ಲರದ್ದೂ ಆಗುವುದಿಲ್ಲ.

ಈಗ ನಾನು ಮಾಡುವ ಕ್ರಮ ಬೇರೆ. 600 ಡಿಪಿಐ, ವಿವರ ಕಳೆಯದೆ ಉಳಿಸುವ ಟಿಫ್ ಕಡತ, ಎಲ್ಲ ಸುಧಾರಣೆಗಳೂ ಬಂದ್. ಸ್ಕ್ಯಾನ್ ಮಾಡಿದ ಕೂಡಲೇ ಕಡತಕ್ಕೆ 'ಓದಲು ಮಾತ್ರ' ಎಂಬ ಬೀಗ ಹಾಕಿ, ಅಂತರಜಾಲಕ್ಕೆ ಅಂಟಿಕೊಂಡಿರದ ಬೇರೊಂದು ಡಿಸ್ಕಿಗೆ ನಕಲು ಮಾಡಿದ ಮೇಲೆಯೇ ಬಣ್ಣದ ಕೆಲಸ. ಬಣ್ಣವೆಲ್ಲ ಪ್ರತ್ಯೇಕ ಪದರಗಳಲ್ಲಿ, ಮೂಲ ಸ್ಕ್ಯಾನ್ ಅವುಗಳ ಅಡಿಯಲ್ಲಿ ಹಾಗೆಯೇ ಇರುತ್ತದೆ. ಉಳಿದ ಆ ಒಂದು ಹಾಳೆ ಆಮ್ಲರಹಿತ ಕಾಗದದ ನಡುವೆ, ಕತ್ತಲಿನ ಪೆಟ್ಟಿಗೆಯಲ್ಲಿದೆ.

ಮಾವ ನನ್ನ ಮೇಲೆ ಸಿಟ್ಟಾಗಲಿಲ್ಲ, ಅದು ನನಗೆ ಇನ್ನೂ ಭಾರ. ನೇರಳೆ ಬಣ್ಣವನ್ನು ಕಿತ್ತು ಹಾಕಿ, ಅವರ ನೆನಪಿನಿಂದಲಾದರೂ ಪುಟಗಳನ್ನು ಮತ್ತೆ ಕಟ್ಟೋಣವೆಂದು ಈಗ ಭಾನುವಾರಗಳಲ್ಲಿ ಅವರ ಜೊತೆ ಕೂರುತ್ತೇನೆ. ಫ್ಯಾಂಟಮ್ ನೀಲಿ, ಹೀರೋ ಬಿಳಿ, ಕಡಲ್ಗಳ್ಳರ ಹಡಗಿನ ಪಟ ಹಳದಿ. ಆ ಕಡೆಯ ಗುಡಿಸಲುಗಳ ಬಣ್ಣ ಯಾವುದು, ಹುಡುಗಿಯ ಉಡುಪು ಯಾವುದು ಎಂದರೆ ಅವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ತಲೆಯಾಡಿಸುತ್ತಾರೆ. ಅವರಿಗೆ ನೆನಪಾಗದ ಜಾಗಗಳಿಗೆ ನಾನು ಯಾವ ಬಣ್ಣವನ್ನೂ ಹಾಕುತ್ತಿಲ್ಲ. ಪುಟದ ಮುಕ್ಕಾಲು ಪಾಲು ಬರಿಯ ರೇಖೆಗಳಾಗಿಯೇ ಉಳಿದಿದೆ.