ಹೊಲಿಗೆ ಮೆಷಿನ್ ಕೇಸು: ಶಾಂತಿನಗರದ ಗ್ರಾಹಕ ಆಯೋಗದಲ್ಲಿ ದೂರುದಾರಳಾಗಿ ನನ್ನ ಅನುಭವ

ಸ್ವಂತ ಕೈಯಿಂದ ದುಡಿದು ಬದುಕುವವರಿಗೆ ಯಾರಾದರೂ ಕೆಟ್ಟ ಮೆಷಿನ್ ಕೊಟ್ಟು ಕೈ ತೊಳೆದುಕೊಂಡಿದ್ದರೆ, ಧೈರ್ಯವಾಗಿ ಗ್ರಾಹಕ ಆಯೋಗಕ್ಕೆ ಹೋಗಿ. ವಕೀಲರಿಲ್ಲದೆಯೂ ಹೋಗಬಹುದು, ನಾನು ಹಾಗೇ ಹೋದೆ. ಆದರೆ ಅಲ್ಲಿ ‘ದೂರುದಾರರು’ ಅಂತ ನಿಲ್ಲಲು ಯಾರಿಗೆ ಹಕ್ಕಿದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ನನ್ನ ಕೇಸಿನಲ್ಲಿ ಮೆಷಿನ್‌ಗಿಂತ ಜಾಸ್ತಿ ವಾದ ನಡೆದದ್ದು ಅದರ ಮೇಲೆ.

ಹನುಮಂತನಗರದಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ. ಕಟಿಂಗ್, ಹೊಲಿಗೆ ಎಲ್ಲ ನನ್ನದೇ. ಹುಕ್ಸ್ ಹಾಕಲು, ಹೆಮ್ಮಿಂಗ್ ಮಾಡಲು ಒಬ್ಬ ಹುಡುಗಿ ಬರುತ್ತಾಳೆ. ಚಿಕ್ಕಪೇಟೆ ಕಡೆಯ ಒಂದು ಅಂಗಡಿಯಿಂದ 34,000 ರೂಪಾಯಿ ಕೊಟ್ಟು ಪವರ್ ಮೆಷಿನ್ ತಂದೆ. ಗೌರಿ ಹಬ್ಬದ ಬ್ಲೌಸ್‌ಗಳು ರಾಶಿ ಬಿದ್ದಿದ್ದ ಸಮಯ. ಮೊದಲ ವಾರವೇ ಹೊಲಿಗೆ ಬಿಟ್ಟುಬಿಟ್ಟು ಬೀಳತೊಡಗಿತು. ರೇಷ್ಮೆ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಮುಚ್ಚುವುದಿಲ್ಲ, ಹೊಲಿಯುವವರಿಗೆಲ್ಲ ಇದು ಗೊತ್ತು. ಮೆಕ್ಯಾನಿಕ್ ಬಂದು ಟೈಮಿಂಗ್ ಸರಿ ಮಾಡಿ ಹೋದರು. ಮತ್ತೆ ಅದೇ ಕಥೆ. ಆಮೇಲೆ ಅಂಗಡಿಯವರು ಫೋನ್ ಎತ್ತುವುದನ್ನೇ ಬಿಟ್ಟರು.

ಪಕ್ಕದ ಅಂಗಡಿಯವರು ‘ಸ್ಟೇಷನ್‌ಗೆ ಹೋಗಮ್ಮ’ ಅಂದರು. ಆದರೆ ಪೊಲೀಸರು ಕೇಸು ದಾಖಲಿಸಿಕೊಂಡರೆ ಅದನ್ನು ನಡೆಸುವುದು ಸರ್ಕಾರ. ಫಿರ್ಯಾದಿ ಅಲ್ಲಿ ಒಬ್ಬ ಸಾಕ್ಷಿ ಅಷ್ಟೇ. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದರೆ ವಾದಿ ಆಗುತ್ತೇವೆ, ಕೋರ್ಟ್ ಫೀ ಕಟ್ಟಬೇಕು. ಗ್ರಾಹಕ ಆಯೋಗದಲ್ಲಿ ಕೇಸು ನಮ್ಮದೇ, ಅದನ್ನು ಸಾಬೀತು ಮಾಡುವ ಹೊಣೆಯೂ ನಮ್ಮದೇ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಜಿಲ್ಲಾ ಆಯೋಗ 50 ಲಕ್ಷದವರೆಗಿನ ಕೇಸು ನೋಡುತ್ತದೆ. ಇನ್ನೊಂದು ದೊಡ್ಡ ಅನುಕೂಲ, 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ಇರುವ ಊರಲ್ಲೇ ದೂರು ಕೊಡಬಹುದು. ಕಂಪನಿಯ ಹೆಡ್ ಆಫೀಸು ದೆಹಲಿಯಲ್ಲಿದ್ದರೂ ಅವರೇ ಬೆಂಗಳೂರಿಗೆ ಬಂದು ಉತ್ತರ ಕೊಡಬೇಕು.

ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿರುವ ಆಯೋಗದಲ್ಲಿ ನನ್ನ ಕಾಗದ ನೋಡಿದ ಸಿಬ್ಬಂದಿಗೆ ನಾನು ಋಣಿ. ಬಿಲ್ ಇದ್ದದ್ದು ನನ್ನ ಅಂಗಡಿಯ ಬೋರ್ಡಿನ ಹೆಸರಿನಲ್ಲಿ. ‘ಅಂಗಡಿ ನಿಮ್ಮೊಬ್ಬರದೇ ಅಲ್ವಾ? ಹಾಗಾದರೆ ದೂರುದಾರರ ಜಾಗದಲ್ಲಿ ನಿಮ್ಮ ಹೆಸರು ಮೊದಲು ಬರಲಿ, ಇಂಥ ಅಂಗಡಿಯ ಮಾಲೀಕರು ಅಂತ ಅದರ ಕೆಳಗೆ ಬರಲಿ’ ಅಂತ ಅವರು ಹೇಳಿದರು. ಒಬ್ಬರೇ ಮಾಲೀಕರಿರುವ ಅಂಗಡಿಗೆ ಕಾನೂನಿನಲ್ಲಿ ಬೇರೆ ಅಸ್ತಿತ್ವ ಇಲ್ಲ, ನಾನೇ ಅಂಗಡಿ. ತಾಳ್ಮೆಯಿಂದ, ಕನ್ನಡದಲ್ಲಿ, ನನಗೆ ಅರ್ಥವಾಗುವ ಹಾಗೆ ಹೇಳಿದರು.

ಅಂಗಡಿಯವರು ಎದುರುದಾರರಾಗಿ ತಕರಾರು ಹಾಕಿದರು. ಅವರ ವಕೀಲರು ಕೊಟ್ಟದ್ದು ಪೂರ್ತಿ ಇಂಗ್ಲಿಷಿನಲ್ಲಿ, ಮಗಳು ಕೂತು ಓದಿ ಹೇಳಿದಳು. ಮೆಷಿನ್ ಚೆನ್ನಾಗಿದೆ ಅಂತ ಅದರಲ್ಲಿ ಒಂದೇ ಸಾಲು. ಉಳಿದದ್ದೆಲ್ಲ ನಾನು ಗ್ರಾಹಕಳೇ ಅಲ್ಲ ಅಂತ. ಲಾಭಕ್ಕೆ, ವ್ಯಾಪಾರಕ್ಕೆ ಕೊಂಡದ್ದಂತೆ. ಹಾಗಾಗಿ ದೂರು ಕೊಡುವ ಹಕ್ಕೇ ಇಲ್ಲವಂತೆ. ಓದಿ ಹೊಟ್ಟೆ ಉರಿಯಿತು. ದಿನವಿಡೀ ಪೆಡಲ್ ಮೇಲೆ ಕಾಲಿಟ್ಟು ಕೂತವಳನ್ನು ದೊಡ್ಡ ಕಾರ್ಖಾನೆಯವರ ಸಾಲಿಗೆ ಸೇರಿಸಿದ್ದರು.

ಇದಕ್ಕೆ ಉತ್ತರ ಕಾಯ್ದೆಯಲ್ಲೇ ಇದೆ. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ, ನಿಜ. ಆದರೆ ಸ್ವಂತ ಉದ್ಯೋಗ ಮಾಡಿ ಹೊಟ್ಟೆ ಹೊರೆಯಲು ಮಾತ್ರ ಕೊಂಡು, ತಾವೇ ಬಳಸಿದರೆ, ಅದು ವಾಣಿಜ್ಯ ಉದ್ದೇಶ ಆಗುವುದಿಲ್ಲ. ತಾನೇ ಓಡಿಸಲು ಆಟೋ ಕೊಂಡವರು ಗ್ರಾಹಕರೇ, ಮೆಷಿನ್ ನಡೆಸಲು ಒಬ್ಬಿಬ್ಬರ ಸಹಾಯ ಪಡೆದರೂ ಆ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನನ್ನ ಹುಡುಗಿಯನ್ನು ತೋರಿಸಿ ‘ನೌಕರರನ್ನು ಇಟ್ಟುಕೊಂಡಿದ್ದಾರೆ’ ಅಂದದ್ದಕ್ಕೆ ಇದೇ ಉತ್ತರವಾಯಿತು. ವಾಣಿಜ್ಯ ಉದ್ದೇಶ ಅಂತ ಆರೋಪ ಮಾಡುವವರೇ ಅದನ್ನು ಸಾಬೀತು ಮಾಡಬೇಕು ಅಂತ 2024ರಲ್ಲಿ ಇನ್ನೊಂದು ತೀರ್ಪು ಬಂದಿದೆ. ಅದನ್ನೂ ಇಟ್ಟುಕೊಳ್ಳಿ.

ಆದರೂ ಸುಮ್ನೆ ಕೂರಲಿಲ್ಲ. ‘ಇದು ನನ್ನ ಜೀವನೋಪಾಯ, ಮೆಷಿನ್ ಮೇಲೆ ಕೂರುವುದು ನಾನೇ’ ಅಂತ ದೂರಿನಲ್ಲೂ ಅಫಿಡವಿಟ್‌ನಲ್ಲೂ ಸ್ಪಷ್ಟವಾಗಿ ಬರೆಸಿದ್ದೆ. ನನ್ನ ಕೈಬರಹದ ಅಳತೆ ಪುಸ್ತಕದ ಜೆರಾಕ್ಸ್, ಬಾಡಿಗೆ ಕರಾರು, ಮೆಕ್ಯಾನಿಕ್ ಕೊಟ್ಟ ಚೀಟಿ, ಹೊಲಿಗೆ ತಪ್ಪುವ ವಿಡಿಯೋ ಎಲ್ಲ ಕೊಟ್ಟೆ. ಅಳತೆ ಪುಸ್ತಕವೇ ದೊಡ್ಡ ಸಾಕ್ಷಿಯಾಯಿತು ಅನ್ನುವುದು ನನ್ನ ನಂಬಿಕೆ. ನಾನು ಗ್ರಾಹಕಳೇ ಅಂತ ಆದೇಶದಲ್ಲಿ ಬಂತು. ಮೆಷಿನ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ, ಜೊತೆಗೆ ಖರ್ಚು ಕೊಡಬೇಕು ಅಂತಲೂ ಬಂತು. ಅಂಗಡಿಯವರು ಅಪೀಲಿಗೆ ಹೋಗದೆ ಕೊಟ್ಟರು.

ಆಯೋಗಕ್ಕೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ವಸ್ತುವಿನ ತಪಾಸಣೆ ಬೇಡದ ಕೇಸನ್ನು 3 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ಅದನ್ನೇ ನಂಬಿ ಸಾಲ ಕೊಟ್ಟವರಿಗೆ ಮಾತು ಕೊಡಬೇಡಿ. ದಿನಗೂಲಿಯವರಿಗೆ ಪ್ರತಿ ವಿಚಾರಣೆಯೂ ಒಂದು ದಿನದ ದುಡಿಮೆಯ ನಷ್ಟ. ವಿಡಿಯೋ ಮೂಲಕ ಹಾಜರಾಗಲು ಅರ್ಜಿ ಕೊಡುವ ಅವಕಾಶವಿದೆ, ಕೇಳಿ.

ಬಿಲ್ ಬೇರೆಯವರ ಹೆಸರಿನಲ್ಲಿದೆ ಅಂತ ಹೆದರಬೇಡಿ. ಮಗ ಕೊಂಡ ಮಿಕ್ಸಿಯನ್ನು ಅವನ ಒಪ್ಪಿಗೆಯಿಂದ ಬಳಸುವ ತಾಯಿಯೂ ಗ್ರಾಹಕಳೇ. ಕೊಂಡವರು ತೀರಿಕೊಂಡಿದ್ದರೆ ವಾರಸುದಾರರು ದೂರುದಾರರಾಗಬಹುದು, ಚಿಕ್ಕ ಮಕ್ಕಳ ಪರವಾಗಿ ತಂದೆತಾಯಿ. ಒಂದೇ ತೊಂದರೆ ಅನುಭವಿಸಿದ ಹಲವರಿದ್ದರೆ, ಎಲ್ಲರ ಪರವಾಗಿ ಒಬ್ಬರೇ ದೂರು ಕೊಡಲು ಆಯೋಗದ ಅನುಮತಿ ಬೇಕು.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ. ಕೆಲವರಿಗೆ ಅಲ್ಲೇ ರಾಜಿ ಆಗುತ್ತದೆ. ಆದರೆ ಆ ಫೋನ್ ಮಾಡಿದರೆ ಆಯೋಗಕ್ಕೆ ದೂರು ಕೊಟ್ಟಂತೆ ಆಗುವುದಿಲ್ಲ. ತೊಂದರೆ ಶುರುವಾದ ದಿನದಿಂದ 2 ವರ್ಷದ ಗಡುವು ಓಡುತ್ತಲೇ ಇರುತ್ತದೆ.